ಕಡಿಮೆ ಖರ್ಚಿನಲ್ಲಿ ಕಾರಿಗೆ ಸರಿಯಾದ ಸ್ಪಾರ್ಕ್ ಪ್ಲಗ್ ಆರಿಸುವುದು ಹೇಗೆ?

ಸ್ಪಾರ್ಕ್ ಪ್ಲಗ್ ಕೊಳ್ಳುವಾಗ ದುಡ್ಡು ಉಳಿಸಲು ಎರಡೇ ದಾರಿ: ಪ್ಲಗ್ ಯಾವ ಕಂಪನಿಯ ಡಬ್ಬಿಯಲ್ಲಿ ಬರುತ್ತದೆ ಎನ್ನುವುದು ಒಂದು, ಅದರ ತುದಿಗೆ ಯಾವ ಲೋಹ ಹಾಕಿದ್ದಾರೆ ಎನ್ನುವುದು ಇನ್ನೊಂದು. ಅಳತೆ, ಹೀಟ್ ರೇಂಜ್ (ಪ್ಲಗ್ ತನ್ನ ಶಾಖವನ್ನು ದಾಟಿಸುವ ವೇಗ), ಅಸಲಿತನ ಈ ಮೂರರಲ್ಲಿ ರಾಜಿ ಮಾಡಿಕೊಂಡರೆ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೀರಿ. ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಒಮ್ಮೆ ಕರಗಿತೆಂದರೆ ಅದರ ಬೆಲೆಯ ಮುಂದೆ ಪ್ಲಗ್‌ನ ಬೆಲೆ ಲೆಕ್ಕಕ್ಕೇ ಇಲ್ಲ.

ಮೊದಲು ಕಾರಿನ ಮ್ಯಾನ್ಯುಯಲ್ ತೆರೆದು ಪ್ಲಗ್‌ನ ಪೂರ್ತಿ ನಂಬರ್ ಬರೆದುಕೊಳ್ಳಿ. ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಒಂದೇ ಮಾಡೆಲ್‌ಗೆ ಎರಡು ಮೂರು ಬಗೆಯ ಎಂಜಿನ್ ಇರುತ್ತವೆ, ಪ್ಲಗ್ ಬೇರೆ ಬೇರೆ. ಹಳೆಯ ಪ್ಲಗ್ ಕಿತ್ತು ಅದರ ಮೇಲಿನ ನಂಬರನ್ನೇ ನಂಬುವುದೂ ಅಪಾಯ. ಹಿಂದೆ ಹಾಕಿದವರು ತಪ್ಪು ಪ್ಲಗ್ ಹಾಕಿದ್ದರೆ ನೀವು ಅದೇ ತಪ್ಪನ್ನು ಮುಂದುವರಿಸುತ್ತೀರಿ. ಎರಡೂ ನೋಡಿ, ಹೊಂದದಿದ್ದರೆ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ.

ಆ ನಂಬರಿನಲ್ಲಿ ಬೇಕಾದ್ದೆಲ್ಲ ಇರುತ್ತದೆ. ಉದಾಹರಣೆಗೆ ಎನ್‌ಜಿಕೆ ಕಂಪನಿಯ ಬಿಕೆಆರ್6ಇ-11 ನೋಡಿ. ‘ಬಿಕೆ’ ಎಂದರೆ 14 ಮಿ.ಮೀ. ಥ್ರೆಡ್, 16 ಮಿ.ಮೀ. ಪಾನಾ ಹಿಡಿಯುವ ಹೆಕ್ಸ್. ‘ಆರ್’ ಎಂದರೆ ಒಳಗೆ ಕಿಡಿಯ ವಿದ್ಯುತ್ ಗದ್ದಲ ತಗ್ಗಿಸುವ ರೆಸಿಸ್ಟರ್ ಇದೆ. ‘6’ ಹೀಟ್ ರೇಂಜ್. ‘ಇ’ ಎಂದರೆ ಥ್ರೆಡ್‌ನ ಉದ್ದ, ಅಂದರೆ ರೀಚ್, 19 ಮಿ.ಮೀ. ಕೊನೆಯ ‘11’ ಎಂದರೆ ಗ್ಯಾಪ್, ಅಂದರೆ ನಡುವಿನ ತುದಿಗೂ ಅದರ ಮೇಲೆ ಬಾಗಿದ ಕಾಲಿಗೂ ಇರುವ ಅಂತರ, 1.1 ಮಿ.ಮೀ. ಇದೇ ಜಾಗಕ್ಕೆ ಡೆನ್ಸೊದಲ್ಲಿ ಕೆ20ಪಿಆರ್-ಯು11 ಕೂರುತ್ತದೆ. ಎನ್‌ಜಿಕೆಯ 6 ಎಂದರೆ ಡೆನ್ಸೊದ 20. ಕಂಪನಿ ಬದಲಿಸುವಾಗ ಆ ಕಂಪನಿಯೇ ಕೊಡುವ ಹೋಲಿಕೆ ಪಟ್ಟಿ ನೋಡಿ, ಅಂದಾಜು ಬೇಡ. ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ‘ತಣ್ಣಗಿನದು’, ಬಾಷ್ ಮತ್ತು ಚಾಂಪಿಯನ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ‘ಬಿಸಿಯದು’. ಇಲ್ಲೇ ಬಹಳ ಜನ ಎಡವುವುದು.

ಬಿಸಿ, ತಣ್ಣಗೆ ಎನ್ನುವುದಕ್ಕೂ ಕಿಡಿಯ ಜೋರಿಗೂ ಸಂಬಂಧವಿಲ್ಲ. ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎನ್ನುವುದು ಅದು. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಕೂತ ಮಸಿ ಸುಟ್ಟುಹೋಗಿ ತಾನೇ ಶುದ್ಧವಾಗುತ್ತದೆ. 800 ಡಿಗ್ರಿಯ ಆಚೆ ಹೋದರೆ ಕಿಡಿ ಬರುವ ಮೊದಲೇ ಕಾದ ತುದಿ ಪೆಟ್ರೋಲ್ ಹೊತ್ತಿಸುತ್ತದೆ, ಪಿಸ್ಟನ್‌ಗೇ ಪೆಟ್ಟು. ಹಾಗಾಗಿ ‘ಒಂದು ನಂಬರ್ ಆಚೀಚೆ ಆದರೆ ಏನೂ ಆಗಲ್ಲ’ ಎನ್ನುವ ಮಾತಿಗೆ ಕಿವಿಗೊಡಬೇಡಿ. ರೀಚ್ ವಿಷಯದಲ್ಲಂತೂ ರಿಯಾಯಿತಿಯೇ ಇಲ್ಲ. ಉದ್ದವಾದರೆ ಪಿಸ್ಟನ್‌ಗೋ ವಾಲ್ವ್‌ಗೋ ಬಡಿಯಬಹುದು. ಗಿಡ್ಡವಾದರೆ ಹೆಡ್‌ನ ಖಾಲಿ ಥ್ರೆಡ್‌ನಲ್ಲಿ ಇಂಗಾಲ ಕಟ್ಟಿ, ಮುಂದೆ ಸರಿಯಾದ ಪ್ಲಗ್ ಹಾಕಲು ಹೋದಾಗ ಒಳಗೆ ಹೋಗುವುದಿಲ್ಲ. ಸೀಟ್, ಅಂದರೆ ಪ್ಲಗ್ ಹೆಡ್‌ಗೆ ಒತ್ತಿ ಕೂರುವ ಭಾಗ, ಅದನ್ನೂ ನೋಡಿ: ಕೆಲವಕ್ಕೆ ವಾಷರ್ ಇರುತ್ತದೆ, ಕೆಲವು ವಾಷರ್ ಇಲ್ಲದೆ ಓರೆಯಾಗಿ ಕೂರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಕಂಪ್ರೆಷನ್ ಸೋರುತ್ತದೆ.

ಇನ್ನು ಲೋಹ. ‘ಕಾಪರ್ ಪ್ಲಗ್’ ಎಂದು ಮಾರುವುದು ನಿಜಕ್ಕೆ ನಿಕಲ್ ತುದಿಯ ಪ್ಲಗ್. ತಾಮ್ರ ಇರುವುದು ಒಳತಿರುಳಿನಲ್ಲಿ, ಅದು ದುಬಾರಿ ಪ್ಲಗ್‌ಗಳಲ್ಲೂ ಇರುತ್ತದೆ. ನಿಕಲ್ 1,455 ಡಿಗ್ರಿಗೆ ಕರಗಿದರೆ ಪ್ಲಾಟಿನಂ 1,768ಕ್ಕೆ, ಇರಿಡಿಯಂ 2,446ಕ್ಕೆ. ತಡೆದುಕೊಳ್ಳುವ ಲೋಹವಾದ್ದರಿಂದ ಇರಿಡಿಯಂ ತುದಿಯನ್ನು 0.4–0.7 ಮಿ.ಮೀ.ಯಷ್ಟು ಸಣ್ಣಗೆ ಮಾಡಬಹುದು. ನಿಕಲ್ ತುದಿ ಸುಮಾರು 2.5 ಮಿ.ಮೀ. ದಪ್ಪ. ತುದಿ ಸಣ್ಣಗಿದ್ದಷ್ಟೂ ಕಡಿಮೆ ವೋಲ್ಟೇಜ್‌ನಲ್ಲಿ ಕಿಡಿ ಹಾರುತ್ತದೆ, ಆ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಹೊರೆ ಕಡಿಮೆ. ಆದರೆ ನಿಕಲ್‌ಗೆಂದೇ ತಯಾರಾದ, ಸುಸ್ಥಿತಿಯಲ್ಲಿರುವ ಎಂಜಿನ್‌ಗೆ ಇರಿಡಿಯಂ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎಂದು ಎದುರುನೋಡಬೇಡಿ. ನೀವು ಕೊಳ್ಳುತ್ತಿರುವುದು ಬಾಳಿಕೆಯನ್ನು. ನಾಲ್ಕು ಕಾಲಿನ ಮಲ್ಟಿ ಎಲೆಕ್ಟ್ರೋಡ್ ಪ್ಲಗ್‌ಗಳದ್ದೂ ಅದೇ ಕಥೆ: ಒಂದು ಸಲಕ್ಕೆ ಕಿಡಿ ಹಾರುವುದು ಒಂದೇ ಕಾಲಿಗೆ.

ನಿಕಲ್ ಸಾಮಾನ್ಯವಾಗಿ 20,000ದಿಂದ 40,000 ಕಿ.ಮೀ. ಬಾಳುತ್ತದೆ. ಎರಡೂ ಬದಿಗೆ ಬೆಲೆಬಾಳುವ ಲೋಹವಿರುವ ಇರಿಡಿಯಂ ಅಥವಾ ಡಬಲ್ ಪ್ಲಾಟಿನಂ ಪ್ಲಗ್ 1,00,000 ಕಿ.ಮೀ. ಆಸುಪಾಸು. ಇಲ್ಲೊಂದು ಮೋಸ ಹೋಗುವ ಜಾಗವಿದೆ. ಡಬ್ಬಿಯ ಮೇಲೆ ‘ಇರಿಡಿಯಂ’ ಎಂದಿದ್ದರೂ ಕೆಲವು ಪ್ಲಗ್‌ಗಳಲ್ಲಿ ನಡುವಿನ ತುದಿ ಮಾತ್ರ ಇರಿಡಿಯಂ, ಮೇಲೆ ಬಾಗಿದ ಕಾಲು ಬರೀ ನಿಕಲ್. ಅಂಥದ್ದು ಬೆಲೆಯಲ್ಲಿ ಅಗ್ಗ, ಆದರೆ ಕಾಲು ಸವೆದು ಗ್ಯಾಪ್ ಅಗಲವಾಗುವುದರಿಂದ ಲಕ್ಷ ಕಿ.ಮೀ. ಬಾಳುವುದಿಲ್ಲ. ಕಾಲಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ: ಬೆಲೆಬಾಳುವ ಲೋಹವಿದ್ದರೆ ನಡುತುದಿಯ ಎದುರಿಗೆ ಪುಟ್ಟ ಬಿಲ್ಲೆ ಬೆಸುಗೆ ಹಾಕಿರುವುದು ಕಾಣುತ್ತದೆ.

ಲೆಕ್ಕ ಹೀಗೆ ಹಾಕಿ. ಒಂದು ಸೆಟ್‌ನ ಬೆಲೆಯನ್ನು ಅದು ಬಾಳುವ ಕಿ.ಮೀ.ಯಿಂದ ಭಾಗಿಸಿ. ನಿಕಲ್ ಸೆಟ್ ಒಂದು ಪಾಲು ಬೆಲೆಗೆ 30,000 ಕಿ.ಮೀ., ಇರಿಡಿಯಂ ನಾಲ್ಕು ಪಾಲು ಬೆಲೆಗೆ 1,00,000 ಕಿ.ಮೀ. ಎಂದಿಟ್ಟುಕೊಂಡರೆ, ಲಕ್ಷ ಕಿ.ಮೀ.ಗೆ ನಿಕಲ್‌ಗೆ ಬೀಳುವುದು ಮೂರು ಪಾಲು ಚಿಲ್ಲರೆ. ಬಿಡಿಭಾಗದ ಲೆಕ್ಕದಲ್ಲಿ ನಿಕಲ್ ಗೆದ್ದಿತು. ಆದರೆ ಪ್ರತಿ ಸಲ ಮೆಕ್ಯಾನಿಕ್ ಕೂಲಿ ಕೊಡುವವರಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಗಳು) ಬಿಚ್ಚಿಯೇ ಪ್ಲಗ್ ತಲುಪಬೇಕಾದ ಎಂಜಿನ್ ಆದರೆ ಇರಿಡಿಯಂ ಬಿಟ್ಟು ಬೇರೆ ಯೋಚನೆಯೇ ಬೇಡ. ಪ್ಲಗ್ ಕೈಗೆ ಸಿಗುವಂತಿದ್ದು, ನೀವೇ ಬದಲಿಸುವವರಾಗಿದ್ದು, ಮ್ಯಾನ್ಯುಯಲ್ಲೂ ನಿಕಲ್ ಪ್ಲಗ್ಗನ್ನೇ ಹೇಳಿದ್ದರೆ ನಿಕಲ್ ಸೆಟ್ ಒಳ್ಳೆಯ ಆಯ್ಕೆ.

ಇರಿಡಿಯಂ ಕೇಳುವ ಎಂಜಿನ್‌ಗೆ ನಿಕಲ್ ಹಾಕಬೇಡಿ, ಅದರಲ್ಲೂ ಟರ್ಬೊ ಇದ್ದರೆ. ಟರ್ಬೊದಲ್ಲಿ ಸಿಲಿಂಡರ್ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದ್ದಷ್ಟೂ ಕಿಡಿಗೆ ವೋಲ್ಟೇಜ್ ಹೆಚ್ಚು ಬೇಕು. ಅಲ್ಲಿ ಗ್ಯಾಪ್ 0.7–0.8 ಮಿ.ಮೀ. ಇಡುವುದು ಅದಕ್ಕೇ. ಒಂದೇ ಕಾಯಿಲ್ ಎರಡು ಸಿಲಿಂಡರ್‌ಗೆ ಕಿಡಿ ಕೊಡುವ ಎಂಜಿನ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಜೋಡಿಯ ಒಂದು ಪ್ಲಗ್‌ನಲ್ಲಿ ಕಿಡಿ ನಡುವಿನಿಂದ ಕಾಲಿಗೆ, ಇನ್ನೊಂದರಲ್ಲಿ ಕಾಲಿನಿಂದ ನಡುವಿಗೆ ಹಾರುತ್ತದೆ. ಆದ್ದರಿಂದ ಒಂದೇ ಬದಿಗೆ ಪ್ಲಾಟಿನಂ ಇರುವ ಪ್ಲಗ್ ಹಾಕಿದರೆ ಅರ್ಧದಷ್ಟು ಪ್ಲಗ್‌ಗಳ ಕಾಲು ಬೇಗ ಸವೆಯುತ್ತದೆ, ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥ. ಅಲ್ಲಿ ಮ್ಯಾನ್ಯುಯಲ್ ಕೇಳಿದಂತೆ ನಿಕಲ್ ಇಲ್ಲವೇ ಡಬಲ್ ಪ್ಲಾಟಿನಂ, ನಡುವಿನದ್ದು ಬೇಡ.

ಡಬ್ಬಿಯ ವಿಷಯಕ್ಕೆ ಬಂದರೆ, ಕಾರು ಕಂಪನಿಗಳು ಸಾಮಾನ್ಯವಾಗಿ ಪ್ಲಗ್ಗನ್ನು ಪ್ಲಗ್ ತಯಾರಕರಿಂದಲೇ ತರಿಸಿಕೊಳ್ಳುತ್ತವೆ. ಕಾರು ಕಂಪನಿಯ ಡಬ್ಬಿಯೊಳಗಿನ ಪ್ಲಗ್‌ನ ಪಿಂಗಾಣಿಯ ಮೇಲೆ ತಯಾರಕರ ಹೆಸರು, ನಂಬರ್ ಅಚ್ಚಾಗಿರುತ್ತದೆ. ಅದೇ ನಂಬರಿನ ಪ್ಲಗ್ಗನ್ನು ತಯಾರಕರ ಡಬ್ಬಿಯಲ್ಲಿ ಕೊಂಡರೆ ಬಹಳ ಸಲ ಗಣನೀಯವಾಗಿ ಅಗ್ಗ. ಗುಣಮಟ್ಟ ಕಳೆದುಕೊಳ್ಳದೆ ಉಳಿಸುವ ಎಲ್ಲಕ್ಕಿಂತ ಸುಲಭದ ದಾರಿ ಇದೇ.

ಆದರೆ ತೀರಾ ಅಗ್ಗಕ್ಕೆ ಸಿಕ್ಕಿದರೆ ನಕಲಿ ಇರಬಹುದೆಂದು ಅನುಮಾನಿಸಿ. ಕೈಯಲ್ಲಿ ಹಿಡಿದು ನೋಡಿದರೆ ಬಹುಪಾಲು ಗೊತ್ತಾಗುತ್ತದೆ. ಅಸಲಿಯ ವಾಷರ್ ಅಮುಕಿ ಕೂರಿಸಿರುವುದರಿಂದ ಸುತ್ತುತ್ತದೆ, ಆದರೆ ಕಳಚಿ ಬೀಳುವುದಿಲ್ಲ. ನಕಲಿಯದು ಜಾರಿ ಹೊರಬರುತ್ತದೆ. ಥ್ರೆಡ್ ಮೇಲೆ ಉಗುರು ಎಳೆದರೆ ನುಣುಪಾಗಿರಬೇಕು, ತರಿತರಿ ಇರಬಾರದು. ಅಕ್ಷರ ಉಜ್ಜಿದರೆ ಅಳಿಸಬಾರದು. ಬಾಗಿದ ಕಾಲು ನಡುತುದಿಯ ನೇರ ಮೇಲೆ ಇರಬೇಕು, ಪಕ್ಕಕ್ಕೆ ವಾಲಿರಬಾರದು. ರೆಸಿಸ್ಟರ್ ಪ್ಲಗ್ ಆದರೆ ಮಲ್ಟಿಮೀಟರ್‌ನಲ್ಲಿ ಮೇಲಿನ ಟರ್ಮಿನಲ್‌ನಿಂದ ನಡುತುದಿಗೆ ಅಳೆಯಿರಿ: ಸುಮಾರು 3ರಿಂದ 7.5 ಕಿಲೋ ಓಮ್ ತೋರಿಸಬೇಕು. ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರ್ ಇಲ್ಲ; ಅದರ ಕಿಡಿಯ ಗದ್ದಲ ಎಂಜಿನ್ ಕಂಪ್ಯೂಟರನ್ನೂ ರೇಡಿಯೊವನ್ನೂ ಕಾಡುತ್ತದೆ. ಇರಿಡಿಯಂ ತುದಿಯನ್ನು ಮಾತ್ರ ಮೀಟರ್‌ನ ಮೊನೆಯಿಂದ ಒತ್ತಬೇಡಿ, ಮುರಿಯುತ್ತದೆ.

ಸಿಲಿಂಡರ್ ಎಣಿಸಿ ಅಷ್ಟೂ ಪ್ಲಗ್ ಒಟ್ಟಿಗೆ ಕೊಳ್ಳಿ, ಕೆಲವು ಎಂಜಿನ್‌ಗಳಲ್ಲಿ ಸಿಲಿಂಡರ್‌ಗೆ ಎರಡೆರಡು ಇರುತ್ತವೆ. ಗ್ಯಾಪ್ ಸರಿಯಿದೆಯೇ ಎಂದು ತಂತಿಯ ಗೇಜ್‌ನಿಂದ ನೋಡಿ. ನಿಕಲ್‌ನಲ್ಲಿ ವ್ಯತ್ಯಾಸವಿದ್ದರೆ ಕಾಲನ್ನು ಮಾತ್ರ ಮೆಲ್ಲಗೆ ಬಾಗಿಸಬಹುದು. ನಾಣ್ಯದಂತಿರುವ ಗೇಜನ್ನು ಇರಿಡಿಯಂ ಪ್ಲಗ್‌ಗೆ ತೂರಿಸಲೇಬೇಡಿ. ನೆಲಕ್ಕೆ ಬಿದ್ದ ಪ್ಲಗ್‌ನ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಅದನ್ನು ಪಕ್ಕಕ್ಕಿಡಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಹಳೆಯದನ್ನು ಕೀಳಬೇಕು. ಬಿಸಿ ಇರುವಾಗ ತಿರುಗಿಸಿದರೆ ಅಲ್ಯುಮಿನಿಯಂ ಥ್ರೆಡ್ ಕಿತ್ತುಬರಬಹುದು. ಕೀಳುವ ಮೊದಲು ಗುಂಡಿಯ ಧೂಳು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರ್‌ಗೆ ಬೀಳುತ್ತದೆ. ಹೊಸ ಪ್ಲಗ್‌ನ ತಲೆಗೆ ರಬ್ಬರ್ ಪೈಪ್ ಸಿಕ್ಕಿಸಿ ಕೈಯಿಂದಲೇ ತಿರುಗಿಸಿ. ಪ್ಲಗ್ ಥ್ರೆಡ್‌ನಲ್ಲಿ ಓರೆಯಾಗಿ ಕಚ್ಚಿಕೊಂಡರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೈಬಿಗಿ ಆದ ಮೇಲೆ, ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್‌ಗೆ ಪಾನಾದಿಂದ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತು. ಟಾರ್ಕ್ ರೆಂಚ್ ಇದ್ದರೆ 25–30 ನ್ಯೂಟನ್ ಮೀಟರ್. 12 ಮಿ.ಮೀ. ಆದರೆ 15–20 ಸಾಕು. ವಾಷರ್ ಇಲ್ಲದ ಓರೆ ಸೀಟಿನದಕ್ಕೆ ಸುತ್ತಿನ ಹದಿನಾರನೇ ಒಂದು ಭಾಗ ಮಾತ್ರ. ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ: ಜಾರಿಕೆಯಿಂದ ಅಳತೆ ಮೀರಿ ಬಿಗಿಯಾಗಿ ಪ್ಲಗ್‌ನ ಕುತ್ತಿಗೆ ಮುರಿಯುತ್ತದೆ.

ಕಿತ್ತ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿಟ್ಟು ನೋಡಿ. ತಿಳಿಕಂದು ಬಣ್ಣವಿದ್ದರೆ ಎಲ್ಲ ಸರಿ. ಒಣ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು ಬರುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಮೆತ್ತಿದ್ದರೆ ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಸೀಲ್ ಹೋಗಿದೆ. ತುದಿ ಬಿಳಿಚಿ ಗುಳ್ಳೆ ಎದ್ದಿದ್ದರೆ ಅತಿಯಾಗಿ ಕಾದಿದೆ. ಇಂಥ ದೋಷ ಸರಿಪಡಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹೊಸ ಸೆಟ್ ಹಾಕಿದ ಮೇಲೂ ಎಂಜಿನ್ ಮಿಸ್ ಹೊಡೆದರೆ ಸ್ಕ್ಯಾನರ್‌ನಲ್ಲಿ ಕೋಡ್ ನೋಡಿ. ಪಿ0301 ಎಂದರೆ ಒಂದನೇ ಸಿಲಿಂಡರ್. ಅದರ ಪ್ಲಗ್ಗನ್ನು ಮೂರನೆಯದಕ್ಕೂ ಮೂರನೆಯದನ್ನು ಇದಕ್ಕೂ ಹಾಕಿ, ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಆ ಪ್ಲಗ್ಗೇ ಕೆಟ್ಟಿದೆ, ವಾಪಸ್ ಕೊಡಿ. ಪಿ0301 ಅಲ್ಲೇ ಇದ್ದರೆ ಪ್ಲಗ್ ಸರಿಯಿದೆ. ಕಾಯಿಲ್‌ಗಳನ್ನೂ ಹೀಗೇ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್ ಕಡೆ ಹೋಗಿ.