ಅಮೀಬಾದ ಕಾಲು ಯಾವ ಬಗೆಯದು? ಕಣಗಳ ಓಟ ನೋಡಿ

ಕೆರೆಯಂಚಿನಲ್ಲಿ ಕೊಳೆತ ಎಲೆಗಳ ಮೇಲೆ ಕಂದು ಮಡ್ಡಿ ಕೂತಿರುತ್ತದಲ್ಲ, ಅಮೀಬಾ ಹುಡುಕಲು ಅದು ಬೇಕು. ತಿಳಿನೀರು ತಂದು ಪ್ರಯೋಜನವಿಲ್ಲ. ಎಲೆ ಸಮೇತ ಡಬ್ಬಿಗೆ ಹಾಕಿ, ಬಿಸಿಲು ಬೀಳದ ಕಡೆ ಎರಡು ದಿನ ಇಡಿ. ಆಮೇಲೆ ಡ್ರಾಪರ್‌ನಿಂದ ತಳದ ಮಡ್ಡಿಯನ್ನೇ ಒಂದು ಹನಿ ಸ್ಲೈಡ್‌ಗೆ ಬಿಡಿ. ಕವರ್‌ಸ್ಲಿಪ್‌ನ ನಾಲ್ಕು ಮೂಲೆಗೂ ಚೂರು ವ್ಯಾಸಲಿನ್ ಹಚ್ಚಿ. ಇಲ್ಲದಿದ್ದರೆ ದೊಡ್ಡ ಅಮೀಬಾ ಅಪ್ಪಚ್ಚಿ.

ನಮ್ಮ ಪಿಯು ಹುಡುಗರು ಮೈಕ್ರೋಸ್ಕೋಪ್ ಸಿಕ್ಕ ಕೂಡಲೇ ಬೆಳಕು ಜಾಸ್ತಿ ಮಾಡುತ್ತಾರೆ. ಅಮೀಬಾಗೆ ಬಣ್ಣವೇ ಇಲ್ಲ, ಕಾಣುವುದಾದರೂ ಹೇಗೆ? ಬೆಳಕು ಬರುವ ಕಿಂಡಿ, ಅಂದರೆ ಡಯಾಫ್ರಂ ಕಿರಿದು ಮಾಡಿ, 10 ಪಟ್ಟಿನ ಲೆನ್ಸ್‌ನಿಂದ ಶುರುಮಾಡಿ. ಅಲುಗಾಡಿಸಿದ ಅಮೀಬಾ ಉಂಡೆಯಾಗಿರುತ್ತದೆ. ಹತ್ತು ನಿಮಿಷ ಸುಮ್ನೆ ಬಿಟ್ಟರೆ ಮೈಯನ್ನೇ ಕಾಲಿನಂತೆ ಚಾಚುತ್ತದೆ, ಅದೇ ಮಿಥ್ಯಾಪಾದ.

ಮೊಂಡಾಗಿ, ದಪ್ಪಗಿದ್ದರೆ ಲೋಬೋಪೋಡಿಯಂ. ಅಮೀಬಾ ಪ್ರೋಟಿಯಸ್‌ನದು ಇದೇ. ಅದರ ತುದಿಯಿಂದ ಕಣ್ಣು ತೆಗೆಯಬೇಡಿ. ಅಲ್ಲೊಂದು ತಿಳಿಯಾದ ಟೋಪಿ ಇದೆ, ಅದರಲ್ಲಿ ಮೈಯೊಳಗಿನ ಸಣ್ಣ ಕಣಗಳಿಲ್ಲ. ನಡುವಿನಿಂದ ಕಣಗಳು ನುಗ್ಗಿ ಬಂದು, ಟೋಪಿಯ ಹತ್ತಿರ ಅಕ್ಕಪಕ್ಕಕ್ಕೆ ಸರಿದು, ಅಂಚಿನಲ್ಲಿ ನಿಂತುಬಿಡುತ್ತವೆ. ಹರಿಯುತ್ತಿದ್ದ ದ್ರವ ಅಲ್ಲಿ ಗಟ್ಟಿಯಾಗಿ ಗೋಡೆಯಾಗುತ್ತದೆ. ಬಾಲದ ಕಡೆ ಅದೇ ಗೋಡೆ ಕರಗಿ ಮತ್ತೆ ಮುಂದಕ್ಕೆ ಹರಿಯುತ್ತದೆ. ಚಿಪ್ಪಿರುವ ಅಮೀಬಾ ಆರ್ಸೆಲ್ಲಾದ್ದೂ ಇದೇ ಬಗೆ. ಅದರ ಕಂದು ಚಿಪ್ಪು ಮೇಲಿಂದ ನೋಡಿದರೆ ಥೇಟ್ ಉದ್ದಿನವಡೆ.

ಚಿಪ್ಪಿನಿಂದ ಸಪೂರ, ಚೂಪು ಎಳೆಗಳು ಹೊರಬಂದಿದ್ದು, ಒಳಗೆ ಕಣಗಳು ಕಾಣದಿದ್ದರೆ ಫೈಲೋಪೋಡಿಯಂ. ಇಂಥ ಎಳೆಗಳಿರುವ ಯೂಗ್ಲೈಫಾ ಸಿಕ್ಕರೆ 40ರ ಲೆನ್ಸ್‌ನಲ್ಲಿ ನೋಡಿ.

ಸಪೂರ ಎಂದ ಮಾತ್ರಕ್ಕೆ ಎಲ್ಲವೂ ಫೈಲೋಪೋಡಿಯಂ ಅಲ್ಲ. ಗುಂಡನೆ ಮೈಯಿಂದ ಸುತ್ತಲೂ ನೆಟ್ಟಗೆ ಕಡ್ಡಿಗಳು ನಿಂತಿದ್ದರೆ ಅದು ಆಕ್ಟಿನೋಫ್ರಿಸ್ ಅಥವಾ ಆಕ್ಟಿನೋಸ್ಫೇರಿಯಂ ಎಂಬ ಏಕಕೋಶಜೀವಿ, ಕಡ್ಡಿಗಳು ಆಕ್ಸೋಪೋಡಿಯಾ. ಪ್ರತಿ ಕಡ್ಡಿಯೊಳಗೆ ಮೈಕ್ರೋಟ್ಯೂಬ್ಯೂಲ್‌ಗಳ, ಅಂದರೆ ಅತಿ ಸಣ್ಣ ಪ್ರೋಟೀನ್ ಕೊಳವೆಗಳ, ಕಟ್ಟು ಇರುವುದರಿಂದ ಬಾಗದೆ ನಿಲ್ಲುತ್ತವೆ. ಕಣಗಳು ಹೊರಮೈಗುಂಟ ಹೋಗುತ್ತಲೂ ಬರುತ್ತಲೂ ಇರುತ್ತವೆ. ಅನುಮಾನವಿದ್ದರೆ ಆಕ್ಟಿನೋಸ್ಫೇರಿಯಂ ಇರುವ ನೀರನ್ನು ಕೆಲವು ಗಂಟೆ 4 ಡಿಗ್ರಿಯಲ್ಲಿಡಿ. ಚಳಿಗೆ ಆ ಕಟ್ಟು ಬಿಚ್ಚಿಕೊಂಡು ಕಡ್ಡಿಗಳು ಒಳಸೇರುತ್ತವೆ, ಹೊರಗಿಟ್ಟರೆ ಮತ್ತೆ ಬೆಳೆಯುತ್ತವೆ. ಹುಡುಗರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ.

ಬಲೆಯಂಥ ಮಿಥ್ಯಾಪಾದಗಳಾದ ರೆಟಿಕ್ಯುಲೋಪೋಡಿಯಾಕ್ಕೆ ಕೆರೆ ನಂಬಬೇಡಿ. ಅವು ಫೊರಾಮಿನಿಫೆರಾ ಎಂಬ ಏಕಕೋಶಜೀವಿಗಳವು, ಹೆಚ್ಚಿನವು ಸಮುದ್ರದವು. ಮಲ್ಪೆ, ಕಾರವಾರದ ಕಡೆಯವರು ಬಂಡೆಯ ಮೇಲಿನ ಪಾಚಿಯನ್ನು ಸಮುದ್ರದ ನೀರಿನಲ್ಲೇ ಅಲುಬಿ, ಕೆಳಗಿಳಿದ ಮಡ್ಡಿಯನ್ನು ಗಾಜಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಡಿ. ಸಿಕ್ಕಿದರೆ, ಎಳೆಗಳು ಕವಲೊಡೆದು ಒಂದಕ್ಕೊಂದು ಕೂಡಿ ಬಲೆಯಾಗಿರುತ್ತವೆ, ಒಂದೇ ಎಳೆಯಲ್ಲಿ ಕಣಗಳು ಎದುರುಬದುರು ಓಡುತ್ತಿರುತ್ತವೆ. ನೀರು ಆರಿದರೆ ನಲ್ಲಿ ನೀರು ಸುರಿಯಬೇಡಿ, ಸತ್ತೇ ಹೋಗುತ್ತವೆ.