ವಿದೇಶಕ್ಕೆ ಹೊರಟಿರಾ? ಇ-ಸಿಮ್ ಮನೆಯಲ್ಲೇ ಹಾಕಿಕೊಳ್ಳಿ

ಇ-ಸಿಮ್ ಅಂದರೆ ಕಾರ್ಡ್ ಇಲ್ಲದ ಸಿಮ್, ಇಂಟರ್‌ನೆಟ್‌ನಿಂದ ಫೋನಿನೊಳಗಿನ ಚಿಪ್‌ಗೆ ಇಳಿಸಿಕೊಳ್ಳುವಂಥದ್ದು. ಅದನ್ನು ಕೊಂಡು ವಿಮಾನ ಹತ್ತಿದವರಿಗೂ ರೋಮಿಂಗ್ ಬಿಲ್ ಬರುವುದನ್ನು ನೋಡುತ್ತಲೇ ಇದ್ದೇನೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಹಿರಿಯರಿರಲಿ, ಕಂಪನಿ ಕೆಲಸಕ್ಕೆ ಜರ್ಮನಿಗೆ ಹೋಗುವ ಹುಡುಗರಿರಲಿ, ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಫೋನಿನಲ್ಲಿ ಎರಡು ಸಿಮ್ ಇರುತ್ತವೆ. ಯಾವುದು ಏನು ಕೆಲಸ ಮಾಡಬೇಕು ಅಂತ ಫೋನಿಗೆ ಹೇಳಿರುವುದಿಲ್ಲ. ಅದೊಂದನ್ನು ಸರಿಮಾಡಿಕೊಂಡರೆ ಉಳಿದದ್ದು ಸುಲಭ.

ಮೊದಲು ಫೋನ್ ನೋಡಿ

ಕರೆ ಮಾಡುವ ಕಡೆ *#06# ಒತ್ತಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಅಂತ 32 ಅಂಕಿಗಳ ಸಂಖ್ಯೆ ಕಂಡರೆ ಇ-ಸಿಮ್ ಚಿಪ್ ಇದೆ ಎಂದರ್ಥ. ಐಫೋನ್‌ಗಳಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚೆಗೆ ಬಂದವುಗಳಲ್ಲಿ ಇದೆ. ಚೀನಾದಲ್ಲಿ ಕೊಂಡ ಐಫೋನ್ ಆದರೆ ಬಹುತೇಕ ಇರುವುದಿಲ್ಲ.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಐಫೋನ್ ಆದರೆ ಇನ್ನೊಂದನ್ನೂ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್. ಅಲ್ಲಿ ‘ಕ್ಯಾರಿಯರ್ ಲಾಕ್’ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇರಬೇಕು. ಇಲ್ಲದಿದ್ದರೆ ಅದು ಅಲ್ಲಿನ ಒಂದೇ ಕಂಪನಿಗೆ ಲಾಕ್ ಆಗಿರುವ ಫೋನ್. ಬೇರೆ ಇ-ಸಿಮ್‌ಗೆ ದುಡ್ಡು ಹಾಕಬೇಡಿ.

ಪ್ಯಾಕ್ ಕೊಳ್ಳುವಾಗ

ಭಾರತದಲ್ಲಿ ವಿದೇಶಿ ಸಿಮ್ ಮಾರಲು ದೂರಸಂಪರ್ಕ ಇಲಾಖೆಯ ಒಪ್ಪಿಗೆ ಪತ್ರ ಬೇಕು. ಅದಿಲ್ಲ ಎಂಬ ಕಾರಣಕ್ಕೆ 2024ರ ಜನವರಿಯಲ್ಲಿ ಇ-ಸಿಮ್ ಮಾರುವ ಏರಾಲೋ ಮತ್ತು ಹೋಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್‌ನಿಂದ ತೆಗೆಸಲಾಯಿತು. ಒಪ್ಪಿಗೆ ಇರುವ ಕಂಪನಿಯಿಂದಲೇ ಕೊಳ್ಳಿ.

‘ಅನ್‌ಲಿಮಿಟೆಡ್’ ಪ್ಯಾಕ್ ನನಗೆ ಇಷ್ಟವಿಲ್ಲ. ದಿನಕ್ಕೆ ಇಷ್ಟು ಅಂತ ಬಳಸಿದ ಮೇಲೆ ವೇಗ ಇಳಿಸುತ್ತಾರೆ, ಕೆಲವರು ಹಾಟ್‌ಸ್ಪಾಟ್ ಕೂಡ ಕೊಡುವುದಿಲ್ಲ. ಇಷ್ಟು ಜಿಬಿ ಅಂತ ಸ್ಪಷ್ಟವಾಗಿ ಹೇಳುವ ಪ್ಯಾಕೇ ಒಳ್ಳೆಯದು. ಯುರೋಪ್ ಪ್ಯಾಕ್ ಆದರೆ ದೇಶಗಳ ಪಟ್ಟಿಯನ್ನು ಒಂದೊಂದಾಗಿ ಓದಿ. ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲ, ಹಾಗಾಗಿ ಕೆಲವು ಅಗ್ಗದ ಪ್ಯಾಕ್‌ಗಳಲ್ಲಿ ಅವು ಇರುವುದಿಲ್ಲ. ನಮ್ಮವರ ಯುರೋಪ್ ಟೂರ್‌ನಲ್ಲಿ ಸ್ವಿಟ್ಜರ್ಲೆಂಡ್ ಇಲ್ಲದೆ ಇರುತ್ತದೆಯೇ?

ಇಂಥ ಪ್ಯಾಕ್‌ಗಳಲ್ಲಿ ಹೆಚ್ಚಿನವು ಡೇಟಾಗೆ ಮಾತ್ರ, ಫೋನ್ ನಂಬರ್ ಬರುವುದಿಲ್ಲ. ದಿನಗಳ ಲೆಕ್ಕ ಎಂದಿನಿಂದ ಶುರು ಎನ್ನುವುದನ್ನೂ ನೋಡಿ. ಕೆಲವು ಅಲ್ಲಿನ ನೆಟ್‌ವರ್ಕ್ ಹಿಡಿದಾಗ ಶುರುವಾಗುತ್ತವೆ, ಕೆಲವು ಫೋನಿಗೆ ಹಾಕಿದ ಕೂಡಲೇ.

ಒಂದು ಎಚ್ಚರಿಕೆ. ಜಾಗ ಖಾಲಿ ಮಾಡಲು ನಿಮ್ಮ ಊರಿನ ಸಿಮ್ ಅನ್ನೇ ಇ-ಸಿಮ್ ಮಾಡಿಸಿಬಿಡಿ ಅಂತ ಯಾರಾದರೂ ಹೇಳಿದರೆ, ಹೊರಡುವ ವಾರದಲ್ಲಿ ಒಪ್ಪಬೇಡಿ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಯಲಾಗುತ್ತದೆ. ಬ್ಯಾಂಕ್ ಒಟಿಪಿಗೆ ಅಷ್ಟು ಹೊತ್ತು ಕಾಯುವುದು ಯಾರಿಗೆ ಬೇಕು?

ಹಾಕಿಕೊಳ್ಳುವುದು ಮನೆ ವೈಫೈನಲ್ಲಿ

ಇ-ಸಿಮ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು. ಅಲ್ಲಿ ಇಳಿದ ಮೇಲೆ ನೋಡೋಣ ಅನ್ನುವವರು ಇದನ್ನೇ ಮರೆಯುತ್ತಾರೆ. ಕೆಲವು ವಿಮಾನ ನಿಲ್ದಾಣಗಳ ವೈಫೈ ಒಟಿಪಿ ಕೇಳುತ್ತದೆ, ಆ ಹೊತ್ತಿಗೆ ನಿಮ್ಮ ಸಿಮ್‌ಗೆ ನೆಟ್‌ವರ್ಕೇ ಇರದಿದ್ದರೆ ಕಥೆ ಮುಗಿಯಿತು.

ಇ-ಮೇಲ್‌ನಲ್ಲಿ ಕ್ಯೂಆರ್ ಕೋಡ್ ಬರುತ್ತದೆ. ಅದು ನಿಮ್ಮ ಫೋನಿನ ಪರದೆ ಮೇಲೇ ಇದ್ದರೆ ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು ಹೇಗೆ? ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ, ಇಲ್ಲವೇ ಮನೆಯವರ ಫೋನಿಗೆ ಕಳಿಸಿ. ಐಫೋನ್‌ನಲ್ಲಿ ಐಒಎಸ್ 17.4 ಅಥವಾ ನಂತರದ್ದು ಇದ್ದರೆ ಆ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದರೂ ಸಾಕು. ಯಾವುದೂ ಆಗದಿದ್ದರೆ ಮೇಲ್‌ನಲ್ಲೇ ಇರುವ ‘ಎಸ್‌ಎಂ-ಡಿಪಿ ಪ್ಲಸ್’ ವಿಳಾಸ (ಇ-ಸಿಮ್ ಇಳಿದು ಬರುವ ಸರ್ವರ್‌ನದ್ದು) ಮತ್ತು ಆ್ಯಕ್ಟಿವೇಶನ್ ಕೋಡ್ ಅನ್ನು ಕಾಪಿ ಮಾಡಿ ಹಾಕಿ. ಕೈಯಲ್ಲಿ ಟೈಪ್ ಮಾಡಬೇಡಿ, ಸೊನ್ನೆಗೂ ‘ಓ’ ಅಕ್ಷರಕ್ಕೂ ಗೊಂದಲವಾಗುತ್ತದೆ.

ಇನ್ನು ಎಲ್ಲರೂ ಗಾಬರಿಯಾಗುವ ಘಟ್ಟ. ಇಳಿದ ಇ-ಸಿಮ್ ಬೆಂಗಳೂರಿನಲ್ಲಿ ‘ನೋ ಸರ್ವಿಸ್’ ಅಂತಲೋ ‘ಆ್ಯಕ್ಟಿವೇಟಿಂಗ್’ ಅಂತಲೋ ತೋರಿಸುತ್ತದೆ. ಅದು ಸರಿಯೇ ಇದೆ. ಜಪಾನ್ ಪ್ಯಾಕ್‌ಗೆ ಇಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವಲ್ಲ! ಹಾಳಾಗಿದೆ ಅಂದುಕೊಂಡು ಡಿಲೀಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ, ಆಗ ಕೋಡ್ ಬಳಕೆಯಾಗಿದೆ ಅಂತ ಬರುತ್ತದೆ. ಬಹುಪಾಲು ಕೋಡ್‌ಗಳು ಒಂದೇ ಸಲಕ್ಕೆ. ದಯವಿಟ್ಟು ಡಿಲೀಟ್ ಮುಟ್ಟಬೇಡಿ. ಹೆಸರು ಕೇಳಿದಾಗ ‘ಟ್ರಿಪ್’ ಅಂತ ಕೊಡಿ, ಹಳೆಯದಕ್ಕೆ ‘ಊರು’. ಸದ್ಯಕ್ಕೆ ಟ್ರಿಪ್ ಆಫ್ ಆಗಿರಲಿ.

ಎರಡು ಸಿಮ್, ಎರಡು ಕೆಲಸ

ಊರಿನ ಸಿಮ್ ಒಟಿಪಿಗೆ, ಟ್ರಿಪ್ ಸಿಮ್ ಡೇಟಾಗೆ. ಎಲ್ಲ ಸೆಟ್ಟಿಂಗ್ ಇದರ ಮೇಲೇ ನಿಂತಿದೆ.

ಹೊರಡುವ ಮೊದಲು ನಿಮ್ಮ ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಮಾಡಿಸಿ. ಇದಿಲ್ಲದೆ ಒಟಿಪಿ ಬರುವುದಿಲ್ಲ. ಬರುವ ಎಸ್‌ಎಂಎಸ್‌ಗೆ ಹಣ ಇದೆಯೇ ಅಂತ ಅಲ್ಲೇ ನೋಡಿಕೊಳ್ಳಿ. ರೀಚಾರ್ಜ್ ವ್ಯಾಲಿಡಿಟಿ ವಾಪಸ್ ಬರುವವರೆಗೆ ಇರಲಿ.

ಆಮೇಲೆ ಫೋನಿನಲ್ಲಿ ಊರು ಸಿಮ್‌ನ ‘ಡೇಟಾ ರೋಮಿಂಗ್’ ಆಫ್ ಮಾಡಿ. ಹೆಸರು ಒಂದೇ ಥರ ಇರುವುದರಿಂದ ಗೊಂದಲ ಬೇಡ. ಕಂಪನಿಯಲ್ಲಿ ಚಾಲೂ ಮಾಡಿಸಿದ್ದು ಸಿಗ್ನಲ್ ಹಿಡಿಯಲು, ಫೋನಿನಲ್ಲಿ ಆಫ್ ಮಾಡುವುದು ಡೇಟಾ ಓಡದಿರಲು. ಎರಡೂ ಬೇಕು.

ಐಫೋನ್‌ನಲ್ಲಿ ‘ಅಲೋ ಮೊಬೈಲ್ ಡೇಟಾ ಸ್ವಿಚಿಂಗ್’, ಆಂಡ್ರಾಯ್ಡ್‌ಗಳಲ್ಲಿ ‘ಆಟೋ ಡೇಟಾ ಸ್ವಿಚಿಂಗ್’ ಎಂಬ ಹೆಸರಿನ ಒಂದು ಗುಂಡಿ ಇರುತ್ತದೆ. ಒಂದು ಸಿಮ್‌ನ ಸಿಗ್ನಲ್ ಸೊರಗಿದರೆ ಫೋನ್ ತಾನೇ ಇನ್ನೊಂದರ ಡೇಟಾ ಬಳಸಲಿ ಅಂತ ಅದನ್ನು ಮಾಡಿದ್ದಾರೆ. ಊರಲ್ಲಿ ಅನುಕೂಲ, ಅಲ್ಲಿ ಬಿಲ್‌ಗೆ ಬಾಗಿಲು. ಮರೆಯದೆ ಆಫ್ ಮಾಡಿ.

ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕಲೇಬೇಕು. ಕೆಲವು ವಿಮಾನಗಳಲ್ಲಿ ಅವರದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಊರಿನ ಸಿಮ್ ಅದನ್ನು ಹಿಡಿದರೆ ದುಬಾರಿ.

ಇಳಿದ ಮೇಲೆ

ಫ್ಲೈಟ್ ಮೋಡ್ ತೆಗೆಯಿರಿ. ಟ್ರಿಪ್ ಆನ್ ಮಾಡಿ, ‘ಮೊಬೈಲ್ ಡೇಟಾ’ದಲ್ಲಿ ಟ್ರಿಪ್ ಆರಿಸಿ. ಈಗ ಟ್ರಿಪ್‌ನ ‘ಡೇಟಾ ರೋಮಿಂಗ್’ ಆನ್ ಮಾಡಿ. ರೋಮಿಂಗ್ ಅನ್ನುವ ಪದ ಕಂಡರೆ ಜನ ಹೆದರುತ್ತಾರೆ. ಆದರೆ ಈ ಇ-ಸಿಮ್ ಹೆಚ್ಚಾಗಿ ಬೇರೊಂದು ದೇಶದ ಕಂಪನಿಯದ್ದು, ನೀವು ಇಳಿದ ದೇಶದಲ್ಲಿ ಅದೂ ಅತಿಥಿಯೇ. ರೋಮಿಂಗ್ ಆನ್ ಇಲ್ಲದೆ ಡೇಟಾ ಬರುವುದಿಲ್ಲ. ಹಣ ಆಗಲೇ ಕೊಟ್ಟಿದ್ದೀರಿ, ಭಯ ಬೇಡ.

ಹತ್ತು ನಿಮಿಷ ಕಾದರೂ ಬರಲಿಲ್ಲವೇ? ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿ. ಆಗಲೂ ಇಲ್ಲದಿದ್ದರೆ ಮೇಲ್‌ನಲ್ಲಿ ಕೊಟ್ಟಿರುವ ಎಪಿಎನ್ (ಡೇಟಾಗೆ ಬೇಕಾದ ನೆಟ್‌ವರ್ಕ್ ಹೆಸರು) ಅನ್ನು ಮೊಬೈಲ್ ಡೇಟಾ ಸೆಟ್ಟಿಂಗ್‌ನಲ್ಲಿ ಹಾಕಿ. ಮೇಲ್‌ನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಂಡಿರಿ.

ವಾಟ್ಸಾಪ್ ನಂಬರ್ ಬದಲಿಸಬೇಕೇ ಅಂತ ಕೇಳಿದರೆ ಬೇಡ ಅನ್ನಿ. ಊರಿನ ನಂಬರ್‌ಗೆ ಬರುವ ಕರೆ ಎತ್ತಬೇಡಿ, ಎತ್ತಿದರೆ ರೋಮಿಂಗ್ ದರ ಬೀಳುತ್ತದೆ. ಕಟ್ ಮಾಡಿ ವಾಟ್ಸಾಪ್‌ನಲ್ಲಿ ಮಾತಾಡಿ.

ಊರಿಗೆ ಬಂದ ಮೇಲೆ ಮೊಬೈಲ್ ಡೇಟಾವನ್ನು ಮತ್ತೆ ಊರು ಸಿಮ್‌ಗೆ ತಿರುಗಿಸಿ. ಅದೇ ದೇಶಕ್ಕೆ ಮತ್ತೆ ಹೋಗುವುದಿದ್ದರೆ ಟ್ರಿಪ್ ಅನ್ನು ಡಿಲೀಟ್ ಮಾಡದೆ ಆಫ್ ಮಾಡಿಡಿ, ಕೆಲವು ಕಂಪನಿಗಳ ಇ-ಸಿಮ್‌ಗೆ ಮತ್ತೆ ರೀಚಾರ್ಜ್ ಮಾಡಬಹುದು.