ಅಡಿಕೆ ತೂಕದ ಲೆಕ್ಕ ಮತ್ತು ಎಕ್ಸ್ ಗುಂಡಿ: ಟಿಕಿಂಟರ್ ವಿಂಡೋ ಮುಚ್ಚುವುದನ್ನು ನಿಭಾಯಿಸುವ ಕ್ರಮ

ಶಿರಸಿಯ ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಿಸಿದ ಚೀಲಗಳ ತೂಕವನ್ನು ಬರೆದಿಡಲು ಪೈಥಾನ್ ಭಾಷೆ ಮತ್ತು ಅದರಲ್ಲಿ ವಿಂಡೋಗಳನ್ನು ರಚಿಸಲು ನೆರವಾಗುವ ಟಿಕಿಂಟರ್ ಲೈಬ್ರರಿ ಬಳಸಿ ಸಣ್ಣ ಪ್ರೋಗ್ರಾಂ ಒಂದನ್ನು ಮಾಡುತ್ತಿದ್ದೇವೆ ಎಂದಿಟ್ಟುಕೊಳ್ಳೋಣ. ತೂಕಗಳನ್ನೆಲ್ಲ ತುಂಬಿದ ಮೇಲೆ ಯಾರಾದರೂ ಮೇಲಿನ ಮೂಲೆಯ ಎಕ್ಸ್ ಗುಂಡಿ ಒತ್ತಿದರೆ, ಬೇರೆ ಸೂಚನೆ ಇಲ್ಲದ ಕಾರಣ ಟಿಕಿಂಟರ್ ವಿಂಡೋವನ್ನು ತಕ್ಷಣ ಮುಚ್ಚಿಬಿಡುತ್ತದೆ; ಫೈಲಿಗೆ ಸೇರದ ಅಂಕಿಗಳು ಅದರೊಡನೆಯೇ ಹೋಗುತ್ತವೆ.

ಇದನ್ನು ತಡೆಯಲು ಮುಖ್ಯ ವಿಂಡೋಗೆ ಪ್ರೋಟೋಕಾಲ್ ಎಂಬ ಮೆಥಡ್ ಇದೆ. ಅದಕ್ಕೆ ಎರಡು ಸಂಗತಿಗಳನ್ನು ಕೊಡಬೇಕು. ಮೊದಲನೆಯದು ಡಬ್ಲ್ಯೂಎಂ, ಡಿಲೀಟ್, ವಿಂಡೋ ಎಂಬ ಮೂರನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿ, ಪೂರ್ತಿ ದೊಡ್ಡಕ್ಷರಗಳಲ್ಲಿ, ಉದ್ಧರಣ ಚಿಹ್ನೆಯೊಳಗೆ ಬರೆದ ಹೆಸರು. ಎರಡನೆಯದು ಮುಚ್ಚುವಾಗ ನಡೆಯಬೇಕಾದ ನಮ್ಮ ಫಂಕ್ಷನ್. ಪೈಥಾನ್ 3ರಲ್ಲಿ ಫಂಕ್ಷನ್ ಹೆಸರು ಕನ್ನಡದಲ್ಲೇ ಇರಬಹುದು, ಆದ್ದರಿಂದ ಅದನ್ನು ‘ಮುಚ್ಚುವಾಗ’ ಎಂದೇ ಕರೆಯೋಣ. ಇಲ್ಲಿ ಹೆಸರಿನ ಮುಂದೆ ಆವರಣ ಚಿಹ್ನೆ ಹಾಕಬಾರದು. ಹಾಕಿದರೆ ಆ ಸಾಲು ಓಡಿದೊಡನೆಯೇ, ಅಂದರೆ ವಿಂಡೋ ತೆರೆಯುವ ಹೊತ್ತಿಗೇ, ಫಂಕ್ಷನ್ ನಡೆದುಹೋಗುತ್ತದೆ. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಎಫ್4 ಒತ್ತಿದಾಗಲೂ ಇದೇ ಫಂಕ್ಷನ್ ನಡೆಯುತ್ತದೆ. ಮೆನುವಿನಲ್ಲಿ ‘ನಿರ್ಗಮಿಸು’ ಎಂಬ ಆಯ್ಕೆ ಇದ್ದರೆ ಅದನ್ನೂ ಇದಕ್ಕೇ ಜೋಡಿಸಬೇಕು.

ಒಮ್ಮೆ ಹೀಗೆ ಜೋಡಿಸಿದ ಮೇಲೆ ವಿಂಡೋ ಮುಚ್ಚುವ ಹೊಣೆ ಪೂರ್ತಿ ನಮ್ಮದು. ನಮ್ಮ ಫಂಕ್ಷನ್ನಿನ ಕೊನೆಯಲ್ಲಿ ಡಿಸ್ಟ್ರಾಯ್ ಮೆಥಡನ್ನು ಕರೆಯದಿದ್ದರೆ ಎಕ್ಸ್ ಗುಂಡಿ ಎಷ್ಟು ಒತ್ತಿದರೂ ವಿಂಡೋ ಅಲ್ಲೇ ಇರುತ್ತದೆ. ಕ್ವಿಟ್ ಎಂಬ ಮೆಥಡ್, ಗುಂಡಿ ಒತ್ತುವಂಥ ಘಟನೆಗಳಿಗೆ ಕಾಯುತ್ತ ಓಡುತ್ತಿರುವ ಮೇನ್‌ಲೂಪನ್ನು ಮಾತ್ರ ನಿಲ್ಲಿಸುತ್ತದೆ, ವಿಂಡೋವನ್ನು ತೆಗೆಯುವುದಿಲ್ಲ. ನಮ್ಮ ಕೆಲಸಕ್ಕೆ ಡಿಸ್ಟ್ರಾಯ್ ಸರಿಯಾದದ್ದು.

‘ಮುಚ್ಚುವಾಗ’ ಮೊದಲು ನೋಡಬೇಕಾದದ್ದು, ಉಳಿಸದ ಬದಲಾವಣೆ ಇದೆಯೇ ಎಂಬುದನ್ನು. ಹೊಸ ತೂಕ ಸೇರಿದಾಗ ಟ್ರೂ, ಉಳಿಸಿದಾಗ ಫಾಲ್ಸ್ ಆಗುವ ಒಂದು ವೇರಿಯೇಬಲ್ ಇದಕ್ಕೆ ಸಾಕು. ಬದಲಾವಣೆ ಇಲ್ಲದಿದ್ದರೆ ಏನನ್ನೂ ಕೇಳದೆ ಮುಚ್ಚಬೇಕು. ಪ್ರತಿಸಲವೂ ಪ್ರಶ್ನೆ ಎದುರಾದರೆ ಬಳಸುವವರು ಓದದೆಯೇ ಒತ್ತುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಬದಲಾವಣೆ ಇದ್ದಾಗ ಮೆಸೇಜ್‌ಬಾಕ್ಸ್‌ನ ಆಸ್ಕ್‌ಯೆಸ್‌ನೋಕ್ಯಾನ್ಸಲ್ ಬಳಸಿ ‘ತೂಕದ ಲೆಕ್ಕವನ್ನು ಉಳಿಸಬೇಕೇ?’ ಎಂದು ಕೇಳಬೇಕು. ಅದು ಯೆಸ್ ಎಂದಾಗ ಟ್ರೂ, ನೋ ಎಂದಾಗ ಫಾಲ್ಸ್, ಕ್ಯಾನ್ಸಲ್ ಎಂದಾಗ ನನ್ (None, ಅಂದರೆ ಏನೂ ಇಲ್ಲ) ಎಂಬ ಬೆಲೆಯನ್ನು ಕೊಡುತ್ತದೆ. ಹೊಸಬರು ಎಡವುವುದು ಇಲ್ಲಿಯೇ: ಇಫ್ ನಾಟ್ ಎಂದು ಪರೀಕ್ಷಿಸಿದರೆ ಫಾಲ್ಸ್ ಮತ್ತು ನನ್ ಎರಡೂ ಒಂದೇ ದಾರಿಗೆ ಬೀಳುವುದರಿಂದ, ಮುಚ್ಚುವುದು ಬೇಡ ಎಂದವರ ಲೆಕ್ಕವೂ ಅಳಿಸಿಹೋಗಬಹುದು. ಆದ್ದರಿಂದ ಮೊದಲಿಗೆ ಈಸ್ ನನ್ ಎಂದು ಪರೀಕ್ಷಿಸಿ, ಹೌದಾದರೆ ರಿಟರ್ನ್ ಮಾಡಿ ಫಂಕ್ಷನ್ನಿನಿಂದ ಹೊರಬರಬೇಕು.

ಉಳಿಸುವ ಹಂತಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಫೈಲ್ ಇದ್ದ ಪೆನ್‌ಡ್ರೈವ್ ತೆಗೆದಿದ್ದರೆ ಬರೆಯುವಾಗ ದೋಷ ಬರುತ್ತದೆ, ಡಿಸ್ಟ್ರಾಯ್ ತನಕ ಓಟ ತಲುಪುವುದೇ ಇಲ್ಲ. ಟಿಕಿಂಟರ್ ದೋಷದ ವಿವರವನ್ನು ಕನ್ಸೋಲಿನಲ್ಲಿ ಮಾತ್ರ ಮುದ್ರಿಸುವುದರಿಂದ, ಕನ್ಸೋಲ್ ಇಲ್ಲದೆ ಪ್ರೋಗ್ರಾಂ ನಡೆಸುವವರಿಗೆ ಎಕ್ಸ್ ಗುಂಡಿ ಕೆಟ್ಟಂತೆ ಕಾಣುತ್ತದೆ. ಉಳಿಸುವ ಸಾಲುಗಳನ್ನು ಟ್ರೈ ಒಳಗಿಟ್ಟು, ಓಎಸ್ ಎರರ್ ಬಂದರೆ ಕಾರಣವನ್ನು ತೆರೆಯ ಮೇಲೆ ತೋರಿಸಿ, ವಿಂಡೋವನ್ನು ಮುಚ್ಚದೆ ಹಿಂತಿರುಗಬೇಕು. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯುವುದೂ ಅಗತ್ಯ. ವಿಂಡೋಸ್‌ನಲ್ಲಿ ಇದನ್ನು ಬಿಟ್ಟರೆ ಕನ್ನಡ ಅಕ್ಷರಗಳನ್ನು ಬರೆಯುವಾಗಲೇ ದೋಷ ಬರಬಹುದು.

ಕರೆಂಟ್ ಹೋದಾಗ ಮಾತ್ರ ಈ ಯಾವ ಫಂಕ್ಷನ್ನೂ ನಡೆಯುವುದಿಲ್ಲ. ಘಟ್ಟದ ಮಳೆಗಾಲ ಕಂಡವರಿಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ. ಆಫ್ಟರ್ ಮೆಥಡಿಗೆ 60000 ಮಿಲಿಸೆಕೆಂಡ್ ಕೊಟ್ಟು, ನಿಮಿಷಕ್ಕೊಮ್ಮೆ ಬೇರೆ ಫೈಲಿಗೆ ಪ್ರತಿ ಬರೆಯುವ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು. ಆಫ್ಟರ್ ಒಂದು ಸಲಕ್ಕೆ ಮಾತ್ರ ಕೆಲಸ ಮಾಡುವುದರಿಂದ, ಪ್ರತಿ ಬರೆದಾದ ಮೇಲೆ ಅದನ್ನು ಮತ್ತೆ ಕರೆಯಬೇಕು. ಅದು ಕೊಡುವ ಗುರುತನ್ನು ಇಟ್ಟುಕೊಂಡು, ಡಿಸ್ಟ್ರಾಯ್‌ಗೆ ಮೊದಲು ಆಫ್ಟರ್ ಕ್ಯಾನ್ಸಲ್ ಮೂಲಕ ರದ್ದುಮಾಡಬೇಕು.

ಬರೆದು ಮುಗಿದ ಮೇಲೆ ಮೂರೂ ಉತ್ತರಗಳನ್ನು ಬೇರೆಬೇರೆಯಾಗಿ ಒತ್ತಿ ನೋಡಿ. ಬಳಿಕ ಪೆನ್‌ಡ್ರೈವ್ ತೆಗೆದು ಯೆಸ್ ಒತ್ತಿ: ದೋಷದ ಸಂದೇಶ ಕಾಣಿಸಿ, ತುಂಬಿದ ತೂಕಗಳು ವಿಂಡೋದಲ್ಲಿ ಹಾಗೆಯೇ ಉಳಿದಿರಬೇಕು.